ಸೈಕಲ್ ತುಳಿದು ನೀರಿಗಿಳಿದ ಮೂರು ದಿನ: ಕೂಡ್ಲಿ, ಶರಾವತಿ ಹಿನ್ನೀರು, ತೀರ್ಥಹಳ್ಳಿ

ಈ ಸಲ ಮಳೆ ಬಿಟ್ಟ ಮೇಲೆ, ನವೆಂಬರಿನಿಂದ ಫೆಬ್ರವರಿಯೊಳಗೆ ಮೂರು ಸೈಕಲ್ ಪ್ರವಾಸ ಮಾಡಿದೆ. ಮೂರೂ ಒಂದೇ ದಿನದ್ದು. ಮೂರರಲ್ಲೂ ಗೈಡ್ ಇದ್ದರು. ಬೆಳಿಗ್ಗೆ ಹೊರಟು ಹಳ್ಳಿ ದಾರಿಯಲ್ಲಿ ಸೈಕಲ್ ತುಳಿಯುವುದು, ನಡುವೆ ಎರಡು ಮೂರು ಕಡೆ ನೀರಿಗಿಳಿದು ಈಜುವುದು, ಸಂಜೆ ವಾಪಸ್. ಮೊದಲನೆಯದು ಶಿವಮೊಗ್ಗದಿಂದ ಕೂಡ್ಲಿಗೆ. ಎರಡನೆಯದು ಸಾಗರದಿಂದ ಶರಾವತಿ ಹಿನ್ನೀರಿಗೆ. ಮೂರನೆಯದು ತೀರ್ಥಹಳ್ಳಿಯಿಂದ ಕುಪ್ಪಳಿ ಕಡೆ ಸುತ್ತಿ ಬರುವುದು. ಕೂಡ್ಲಿಗೆ ತಲೆಗೆ 1,200 ರೂಪಾಯಿ ಕೊಟ್ಟೆವು, ಹಿನ್ನೀರಿಗೆ 2,400, ತೀರ್ಥಹಳ್ಳಿಗೆ 1,500. ಮೂರರಲ್ಲೂ ಸೈಕಲ್, ಹೆಲ್ಮೆಟ್, ಊಟ ಅವರದ್ದೇ.

ಮೂರು ಸಲವೂ ಅಣ್ಣನ ಮಗಳು ಜೊತೆಗಿದ್ದಳು. ಅವಳಿಗೆ 13 ವರ್ಷ. ಈಜು ಕಲಿತು ಒಂದು ವರ್ಷ ಆಗಿದೆ, ಅದೂ ಈಜುಕೊಳದಲ್ಲಿ. ಹರಿಯುವ ನೀರು ಅವಳಿಗೆ ಹೊಸದು. ನಾನು ತುಂಗೆಯಲ್ಲೇ ಈಜು ಕಲಿತವಳು. ಅಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ, ಹೊಟ್ಟೆ ಕೆಳಗೆ ಅಂಗೈ ಕೊಟ್ಟು ಕಲಿಸಿದರು. "ನೀರಿನ ಹತ್ರ ಸಲಿಗೆ ಬೇಡ" ಅಂತ ಪ್ರತಿ ಸಲ ಹೇಳುತ್ತಿದ್ದರು. ಅದಕ್ಕೇ ಇಂಥ ಪ್ರವಾಸದಲ್ಲಿ ನಾನು ಮೊದಲು ನೋಡುವುದು ಗೈಡ್ ನೀರನ್ನು ಹೇಗೆ ನೋಡುತ್ತಾನೆ ಅನ್ನುವುದನ್ನು. ಸೈಕಲ್ ಸರಿ ಇಲ್ಲದಿದ್ದರೆ ತಳ್ಳಿಕೊಂಡಾದರೂ ಬರಬಹುದು. ಊಟ ಸಪ್ಪೆಯಾದರೆ ಉಪ್ಪಿನಕಾಯಿ ಇದೆ. ನೀರಿನಲ್ಲಿ ಹಾಗಲ್ಲ.

ಕೂಡ್ಲಿಗೆ ಹೋಗಿದ್ದು ನವೆಂಬರ್ ಮಧ್ಯದಲ್ಲಿ. ಶಿವಮೊಗ್ಗದಿಂದ 16 ಕಿ.ಮೀ. ಆಸುಪಾಸು. ಮಲೆನಾಡಿನ ಹೆಬ್ಬಾಗಿಲು ಅಂತ ಶಿವಮೊಗ್ಗಕ್ಕೆ ಹೆಸರು. ಕೂಡ್ಲಿಗೆ ಹೋಗುವಾಗ ಆ ಬಾಗಿಲಿಂದ ಹೊರಗೆ ಬಂದ ಹಾಗೆ. ಬೆಟ್ಟ ಹಿಂದೆ ಉಳಿಯುತ್ತದೆ, ದಾರಿ ಮಟ್ಟಸ. ಎರಡೂ ಕಡೆ ಗದ್ದೆ, ಅಡಿಕೆ, ತೆಂಗು. ಸೈಕಲ್ ಬಿಟ್ಟು ಹತ್ತು ವರ್ಷ ಆದವರೂ ಆರಾಮಾಗಿ ತುಳಿಯಬಹುದು. ಒಂದು ವಿಷಯಕ್ಕೆ ಮಾತ್ರ ಹುಷಾರಾಗಿರಬೇಕು. ಆ ಹೊತ್ತಿಗೆ ರೈತರು ಮೆಕ್ಕೆಜೋಳವನ್ನು ಅರ್ಧ ರಸ್ತೆಗೆ ಹರವಿ ಒಣಗಿಸುತ್ತಾರೆ. ಚೆಲ್ಲಿದ ಕಾಳಿನ ಮೇಲೆ ಸೈಕಲ್ ಟೈರು ಗೋಲಿ ಮೇಲೆ ಹತ್ತಿದ ಹಾಗೆ ಜಾರುತ್ತದೆ. ಅಲ್ಲಿ ಬ್ರೇಕ್ ಹಿಡಿಯದೆ ನೇರ ದಾಟಿಬಿಡಬೇಕು. ಇದನ್ನು ಹೇಳಿಕೊಟ್ಟಿದ್ದು ಗೈಡ್ ಅಲ್ಲ, ಜೋಳ ಗುಡಿಸುತ್ತಿದ್ದ ಒಬ್ಬ ಅಜ್ಜಿ.

ಕೂಡ್ಲಿಯೇನೋ ಚಂದದ ಜಾಗ. ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿ ಬೇರೆ ಬೇರೆ ದಾರಿ ಹಿಡಿದ ತುಂಗೆ ಮತ್ತು ಭದ್ರೆ ಇಲ್ಲಿ ಮತ್ತೆ ಸೇರುತ್ತವೆ. ಮುಂದೆ ಅದು ತುಂಗಭದ್ರೆ. ದಡದಲ್ಲಿ ಹೊಯ್ಸಳರ ಕಾಲದ ದೇವಸ್ಥಾನ, ನೆರಳು, ಮೆಟ್ಟಿಲು. ಕಾಲು ಇಳಿಬಿಟ್ಟು ಕೂತರೆ ಏಳಲು ಮನಸ್ಸಾಗುವುದಿಲ್ಲ. ಆದರೆ ಅದು ಈಜುವ ಜಾಗ ಅಲ್ಲ. ಎರಡು ಹೊಳೆಯ ಸೆಳೆತ ಒಂದಕ್ಕೊಂದು ಸಿಕ್ಕುವ ಕಡೆ ಮೇಲೆ ನೀರು ಶಾಂತವಾಗಿ ಕಂಡರೂ ಒಳಗೆ ಸುಳಿ ಇರುತ್ತದೆ. "ತುಂಗಾ ಪಾನ, ಗಂಗಾ ಸ್ನಾನ" ಅಂತ ಹಿರಿಯರು ಹೇಳುತ್ತಾರಲ್ವಾ, ಕೂಡ್ಲಿಯಲ್ಲಿ ನಾನೂ ಬೊಗಸೆ ನೀರು ಮುಖಕ್ಕೆ ಹಾಕಿಕೊಂಡು ಎದ್ದೆ. ಗೈಡ್ ಕೂಡ ಅಲ್ಲಿ ಈಜಬೇಡಿ ಅಂದ. ಅಲ್ಲಿಯವರೆಗೆ ಸರಿಯಾಗೇ ಇತ್ತು.

ಅನಾಹುತ ಆಗಿದ್ದು ಬರುವಾಗ, ಚಾನಲ್‌ನಲ್ಲಿ. ನಮ್ಮ ಕಡೆ ನೀರಾವರಿ ನಾಲೆಗೆ ಚಾನಲ್ ಅಂತಲೇ ಹೇಳುವುದು. "ಇಲ್ಲಿ ಈಜಬಹುದು, ಎದೆಮಟ್ಟದ ನೀರು" ಅಂದ ಗೈಡ್. ಎದೆಮಟ್ಟದ್ದೇ ಇರಬಹುದು. ಆದರೆ ಎರಡೂ ದಡ ಓರೆಯಾಗಿ ಸಿಮೆಂಟ್ ಹಾಕಿದ್ದು, ಅದರ ಮೇಲೆ ಪಾಚಿ. ಇಳಿಯುವುದು ಸುಲಭ, ಹತ್ತಿ ಬರಲು ಹಿಡಿಯೋಕೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಹುಡುಗಿ ಇಳಿದವಳು ಎರಡು ಸಲ ದಡಕ್ಕೆ ಕೈಯೂರಿ ಜಾರಿದಳು. ಮೂರನೇ ಸಲಕ್ಕೆ ಕಾಲು ತೇಲಿತು. ನೀರು ಅವಳನ್ನು ಎಳೆದುಕೊಂಡು ಹೋಗಲು ಶುರು ಮಾಡಿತು. ನಾನು ದಡದ ಮೇಲೆ ಅವಳ ಜೊತೆಗೇ ಓಡಿದೆ. ಇಪ್ಪತ್ತು ಹೆಜ್ಜೆ ಕೆಳಗೆ ದನ ಇಳಿಸುವ ಮೆಟ್ಟಿಲಿತ್ತು. ಅಲ್ಲಿ ಎಮ್ಮೆ ತೊಳೆಯುತ್ತಿದ್ದ ಒಬ್ಬರು ಕೈ ಚಾಚಿ ಅವಳ ಮಣಿಕಟ್ಟು ಹಿಡಿದರು. ಮೊಣಕೈ ತರಚಿತ್ತು, ಅಷ್ಟೇ. ಗೈಡ್ ಮೇಲೆ ನಿಂತು ಉಳಿದವರ ಫೋಟೊ ತೆಗೆಯುತ್ತಿದ್ದ. ಅವನ ಹತ್ತಿರ ಹಗ್ಗ ಇರಲಿಲ್ಲ. ಲೈಫ್ ಜಾಕೆಟ್ ಒಂದೂ ಇರಲಿಲ್ಲ. ಹನ್ನೊಂದು ಜನಕ್ಕೆ ಅವನೊಬ್ಬನೇ.

ಆ ಎಮ್ಮೆಯವರು ನನ್ನ ಮುಖ ನೋಡಿ, "ತಾಯಿ, ಮೆಟ್ಲು ಇಲ್ದೇ ಇರೋ ಕಡೆ ಚಾನಲ್‌ಗೆ ಇಳಿಯೋದೇ ಅಲ್ಲ" ಅಂದರು. ಚಾನಲ್ ಪಕ್ಕದಲ್ಲೇ ಬದುಕುವವರ ಮಾತು ಅದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡು ತಿಂಗಳು ಬಿಟ್ಟು, ಜನವರಿಯಲ್ಲಿ ಹಿನ್ನೀರಿಗೆ ಹೋದೆವು. ಹಿಂದಿನ ರಾತ್ರಿಯೇ ಸಾಗರಕ್ಕೆ ಹೋಗಿ ಉಳಿದೆವು. ಈ ಸಲ ನಮ್ಮನೆಯವರೂ ಬಂದಿದ್ದರು. ಬೆಳಿಗ್ಗೆ ಏಳಕ್ಕೆ ಹೊರಟು ಮೊದಲು ಇಕ್ಕೇರಿ. ಅಘೋರೇಶ್ವರ ದೇವಸ್ಥಾನದ ಕಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಆಮೇಲೆ ಹೊನ್ನೇಮರಡು ಕಡೆಗೆ. ಸಾಗರದಿಂದ ಅಲ್ಲಿಗೆ 25 ಕಿ.ಮೀ. ಹತ್ತಿರ ಆಗುತ್ತದೆ.

ಸೈಕಲ್ ವಿಷಯದಲ್ಲಿ ಮೂರರಲ್ಲಿ ಇವರದ್ದೇ ಮೇಲು. ಒಳ್ಳೆ ಗೇರ್, ಡಿಸ್ಕ್ ಬ್ರೇಕ್, ಸೀಟು ಪ್ರತಿಯೊಬ್ಬರ ಎತ್ತರಕ್ಕೆ ಹೊಂದಿಸಿ ಕೊಟ್ಟರು. ಹುಡುಗಿಗೆ ಸಣ್ಣ ಹೆಲ್ಮೆಟ್ ತಂದಿದ್ದರು. ದಾರಿ ಮಾತ್ರ ನನಗೆ ಹಿಡಿಸಲಿಲ್ಲ. ಬಹಳ ಕಡೆ ಅಕೇಶಿಯಾ ನೆಡುತೋಪು. ಕಾಡಿನ ಹಾಗೆ ಕಾಣುತ್ತದೆ, ಹಕ್ಕಿ ದನಿ ಕಮ್ಮಿ. ಕೆಮ್ಮಣ್ಣಿನ ರಸ್ತೆಯಲ್ಲಿ ಧೂಳು ಜಾಸ್ತಿ. ಗೈಡ್ ಜೀಪಿನಲ್ಲಿ ಬರುತ್ತಿದ್ದರು. ಜೀಪು ಮುಂದೆ ಹೋದಾಗೆಲ್ಲ ಆ ಧೂಳು ನಮ್ಮ ಮುಖಕ್ಕೆ. ಸೈಕಲ್ ಪ್ರವಾಸ ಅಂದ ಮೇಲೆ ಗೈಡ್ ಕೂಡ ಸೈಕಲ್ ತುಳಿಯಬೇಕು. ಯಾವ ಏರಿನಲ್ಲಿ ಉಸಿರು ಕಟ್ಟುತ್ತದೆ, ಯಾರು ಸುಸ್ತಾದರು, ಯಾರ ನೀರಿನ ಬಾಟಲಿ ಖಾಲಿ ಆಯಿತು ಅಂತ ಜೀಪಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ.

ಆದರೆ ನೀರು! ತಿರುವು ದಾಟಿ ಆ ಹಿನ್ನೀರು ಕಂಡಾಗ ಎಲ್ಲರೂ ಸೈಕಲ್ ನಿಲ್ಲಿಸಿಬಿಟ್ಟೆವು. ಕಣ್ಣು ಹೋದಷ್ಟು ದೂರ ನೀರು, ನಡುವೆ ಹಸಿರು ದಿಬ್ಬಗಳು. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಪೂರ್ತಿ ತುಂಬಿದರೆ ನೀರಿನ ಮಟ್ಟ 1,819 ಅಡಿ. ಜನವರಿಯಲ್ಲಿ ನೀರು ಇಳಿಯಲು ಶುರುವಾಗಿರುತ್ತದೆ. ದಡದ ಕೆಂಪು ಮಣ್ಣಿನ ಮೇಲೆ ಒಂದರ ಕೆಳಗೊಂದು ಗೆರೆ, ನೀರು ನಿಂತು ನಿಂತು ಇಳಿದ ಗುರುತು. ಬೆರಳಿಟ್ಟು ಎಣಿಸುತ್ತಾ ಹೋದೆ. ನೀರಿನ ಅಂಚಿನವರೆಗೆ ಇಪ್ಪತ್ತೆಂಟು ಗೆರೆ ಸಿಕ್ಕವು.

ಇಲ್ಲಿ ಲೈಫ್ ಜಾಕೆಟ್ ಹಾಕದೆ ಪಾದವನ್ನೂ ನೆನೆಸಲು ಬಿಡಲಿಲ್ಲ. ಈಜು ಬರುವವರಿಗೂ ಅದೇ ನಿಯಮ. ಮಕ್ಕಳ ಅಳತೆಯದ್ದು ಬೇರೆ ಇತ್ತು. ಪಟ್ಟಿ ಬಿಗಿದು, ಭುಜ ಹಿಡಿದು ಮೇಲಕ್ಕೆ ಎತ್ತಿ ನೋಡಿದರು, ಜಾಕೆಟ್ ಕಿವಿಯವರೆಗೆ ಬಂದರೆ ಮತ್ತೆ ಬಿಗಿದರು. ನೀರಿನಲ್ಲಿ ಒಬ್ಬರು, ತೆಪ್ಪದಲ್ಲಿ ಒಬ್ಬರು. ತೇಲುವ ಹಗ್ಗದ ಆಚೆ ಹೋಗುವಂತಿಲ್ಲ, ಯಾಕೆಂದರೆ ಅಲ್ಲಿ ಮುಳುಗಿದ ಮರದ ಬೊಡ್ಡೆಗಳಿವೆ. ಮೇಲಿನಿಂದ ಕಾಣುವುದಿಲ್ಲ, ಕಾಲಿಗೆ ಹೊಟ್ಟೆಗೆ ಚುಚ್ಚುತ್ತವೆ. ದಡವೂ ಹಾಗೇ. ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದೀವಿ ಅಂದುಕೊಂಡರೆ ಮುಂದಿನ ಹೆಜ್ಜೆಗೆ ತಳ ಸಿಗುವುದಿಲ್ಲ. ಹುಡುಗಿಗೆ ಮೊದಲು ಹೆದರಿಕೆ ಇತ್ತು, ಚಾನಲ್ ನೆನಪು. ಜಾಕೆಟ್ ಅವಳನ್ನು ಎತ್ತಿ ಹಿಡಿದಿದ್ದು ಗೊತ್ತಾದ ಮೇಲೆ ಅಂಗಾತ ತೇಲುತ್ತಾ ಆಕಾಶ ನೋಡಿಕೊಂಡು ಅರ್ಧ ಗಂಟೆ ಇದ್ದಳು. ಮೇಲಿನ ನೀರು ಬೆಚ್ಚಗೆ, ಕಾಲ ಹತ್ತಿರ ತಣ್ಣಗೆ.

ಈ ನೀರಿನಲ್ಲಿ ಈಜುವಾಗ ನನ್ನ ಮನಸ್ಸು ಪೂರ್ತಿ ಹಗುರ ಇರಲಿಲ್ಲ. ನಮ್ಮತ್ತೆಯ ತವರು ಮುಳುಗಡೆಯ ಊರು. ಮುಳುಗಡೆ ಅನ್ನುವ ಪದ ಸಾಗರದ ಕಡೆ ಬೇರೆ ವಿವರಣೆ ಬೇಡದ ಪದ. ಮನೆ, ತೋಟ, ದೇವಸ್ಥಾನ ಎಲ್ಲಾ ಬಿಟ್ಟು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದಾಗ ಅವರು ಸಣ್ಣ ಹುಡುಗಿ. 1948ರ ಹಿರೇಭಾಸ್ಕರ ಅಣೆಕಟ್ಟನ್ನೂ ಇದೇ ನೀರು ನುಂಗಿದೆ, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಕಾಣುತ್ತದೆ. ಮನೆಗೆ ಬಂದು ಎಲ್ಲಿ ಹೋಗಿದ್ದೆವು ಅಂತ ಹೇಳಿದಾಗ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀರು ತಣ್ಣಗಿತ್ತಾ?" ಅಂತ ಮಾತ್ರ ಕೇಳಿದರು.

ಮೂರು ಕಡೆ ಈಜು ಅಂತ ಹೇಳಿದ್ದರು, ಆಗಿದ್ದು ಒಂದೇ ಕಡೆ. ಊಟ ತಡವಾಯಿತು, ಬಿಸಿಲು ಏರಿತು. ಊಟ ಮಾತ್ರ ಚೆನ್ನಾಗಿತ್ತು. ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಅಪ್ಪೆಹುಳಿ. ಬಟ್ಟೆ ಬದಲಿಸಲು ಹೆಂಗಸರಿಗೆ ತಟ್ಟಿ ಕಟ್ಟಿದ ಬೇರೆ ಕೋಣೆ ಇತ್ತು. ವಾಪಸ್ ಸೈಕಲ್‌ಗಳನ್ನು ವ್ಯಾನಿನ ಮೇಲೆ ಹೇರಿ ಕರೆತಂದರು. ಹಾಗಾಗಿ ಸೈಕಲ್ ತುಳಿದಿದ್ದು ಬೆಳಗಿನ ಅರ್ಧ ದಿನ ಮಾತ್ರ.

ತೀರ್ಥಹಳ್ಳಿಯ ಪ್ರವಾಸ ಫೆಬ್ರವರಿ ಮೊದಲ ವಾರದಲ್ಲಿ. ಅದನ್ನು ನಡೆಸುವವನು ಅಲ್ಲೇ ಹತ್ತಿರದ ಹಳ್ಳಿಯ ಹುಡುಗ, ಅಡಿಕೆ ಬೆಳೆಗಾರರ ಮಗ. ಆರು ಜನಕ್ಕಿಂತ ಜಾಸ್ತಿ ಕರೆದುಕೊಂಡು ಹೋಗುವುದಿಲ್ಲ. ಸೈಕಲ್‌ಗಳು ಹಳೆಯವು. ನನ್ನದರಲ್ಲಿ ಗೇರ್ ಬದಲಿಸಲು ಹೆಬ್ಬೆರಳು ನೋಯುವಷ್ಟು ಒತ್ತಬೇಕಿತ್ತು. ಆದರೆ ಹೊರಡುವ ಮುಂಚೆ ಒಂದೊಂದು ಸೈಕಲ್‌ನ ಬ್ರೇಕನ್ನೂ ತಾನೇ ಹಿಡಿದು, ಇಳಿಜಾರಿನಲ್ಲಿ ಒಂದು ಸುತ್ತು ಬಿಟ್ಟು ನೋಡಿದ. ಮಲೆನಾಡಿನ ದಾರಿಯಲ್ಲಿ ಗೇರ್‌ಗಿಂತ ಬ್ರೇಕ್ ಮುಖ್ಯ ಅನ್ನುವುದು ಅವನಿಗೆ ಗೊತ್ತು.

ಆಮೇಲೆ ಒಂದು ಸಣ್ಣ ಬಾಟಲಿ ತೆಗೆದ. ಡೇಪಾ ಎಣ್ಣೆ, ಉಣುಗು (ಉಣ್ಣೆ ಹುಳು) ಹತ್ತದ ಹಾಗೆ ಮೈಗೆ ಹಚ್ಚುವುದು. ಕಾಲಿಗೆ, ಕೈಗೆ, ಕುತ್ತಿಗೆಗೆ ಹಚ್ಚಿಕೊಳ್ಳಿ ಅಂದ. ಮಂಗನ ಕಾಯಿಲೆ ಉಣುಗಿನಿಂದ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಮೊದಲು ಗೊತ್ತಾಗಿದ್ದು. ಮಳೆ ಮುಗಿದು ಎಲೆ ಒಣಗುವ ಕಾಲದಿಂದ ಬೇಸಿಗೆ ಮುಗಿಯುವವರೆಗೆ ಇಲ್ಲಿ ಅದರ ಭಯ ಇದ್ದೇ ಇರುತ್ತದೆ. ಅಂದರೆ ಸೈಕಲ್ಲಿಗೂ ಈಜಿಗೂ ಯಾವ ಕಾಲ ಒಳ್ಳೆಯದೋ ಅದೇ ಕಾಲ. ಹಿಂದಿನ ಎರಡೂ ಪ್ರವಾಸದಲ್ಲಿ ಯಾರೂ ಈ ಮಾತೇ ಎತ್ತಿರಲಿಲ್ಲ. ಇವನು ಪ್ರತಿ ಈಜಿನ ನಂತರ ಮತ್ತೆ ಹಚ್ಚಿಸಿದ, ನೀರಿನಲ್ಲಿ ತೊಳೆದು ಹೋಗಿರುತ್ತಲ್ವಾ. ದರಗಿನ ಮೇಲೆ, ಅಂದರೆ ಉದುರಿದ ಒಣ ಎಲೆಯ ಮೇಲೆ, ಕೂರಲು ಬಿಡಲಿಲ್ಲ. ಬಂಡೆ ತೋರಿಸಿ ಅಲ್ಲಿ ಕೂರಿಸಿದ.

ದಾರಿಯ ವಿಷಯಕ್ಕೆ ಬಂದರೆ ಇದರ ಮುಂದೆ ಉಳಿದೆರಡೂ ಇಲ್ಲ. ದೊಡ್ಡ ರಸ್ತೆ ಬಿಟ್ಟು ಒಳದಾರಿ ಹಿಡಿದ ಕೂಡಲೇ ನೆರಳು. ಒಂದು ಕಡೆ ಧರೆ, ಇನ್ನೊಂದು ಕಡೆ ತೋಟ, ಕೆಳಗೆ ಗದ್ದೆ ಕೋಗು. ಎರಡು ಕಡೆ ಉಣಗೋಲು, ಅಂದರೆ ಬೇಲಿ ಬಾಯಿಗೆ ಅಡ್ಡ ಹಾಕಿದ ಗಳ, ಸರಿಸಿ ದಾಟಿದೆವು. ಒಂದು ಕಡೆ ಹಳ್ಳದ ಮೇಲಿನ ಸಂಕದ (ಕಾಲುಸೇತುವೆ) ಮೇಲೆ ಸೈಕಲ್ ಹೆಗಲಿಗೇರಿಸಿಕೊಂಡು ನಡೆದೆವು. ಅಡಿಕೆ ಕೊಯ್ಲು ಮುಗಿಯುತ್ತಾ ಬಂದಿತ್ತು. ಕೆಲವು ಮನೆಯಂಗಳದಲ್ಲಿ ಇನ್ನೂ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಆ ಚೊಗರಿನ ವಾಸನೆ ದಾರಿಗೆ ಬರುತ್ತಿತ್ತು. ಏರು ಬೇಕಾದಷ್ಟಿವೆ. ಮೂರು ಕಡೆ ಇಳಿದು ತಳ್ಳಿದೆ. ಕುಪ್ಪಳಿಯಲ್ಲಿ ಕವಿಮನೆ ನೋಡಿ, ಕವಿಶೈಲ ಹತ್ತಿ, ಆ ದೊಡ್ಡ ಕಲ್ಲುಗಳ ನಡುವೆ ಗಾಳಿಗೆ ಕೂತು ಕಿತ್ತಳೆ ತಿಂದೆವು.

ಮೊದಲ ಈಜು ತುಂಗೆಯಲ್ಲೇ. ಅಗಲವಾಗಿ, ಬಂಡೆಗಳ ನಡುವೆ ಹರಿಯುವ ಜಾಗ. ನಾವು ಸೈಕಲ್ ಒರಗಿಸುವಷ್ಟರಲ್ಲಿ ಹುಡುಗ ಬಿದಿರು ಗಳ ಹಿಡಿದು ನೀರಿಗಿಳಿದಿದ್ದ. ಗಳದಲ್ಲಿ ಆಳ ನೋಡುತ್ತಾ ನಿಧಾನಕ್ಕೆ ನಡೆದ. ಎಲ್ಲಿ ಸೊಂಟ ಮುಳುಗಿತೋ ಅಲ್ಲಿ ನಿಂತು, ಗಳವನ್ನು ಕಲ್ಲಿನ ಸಂದಿಗೆ ಊರಿ ಅದಕ್ಕೆ ಕೆಂಪು ಬಟ್ಟೆ ಕಟ್ಟಿದ. ಆಮೇಲೆ ದಡಕ್ಕೆ ಬಂದು ಒಂದು ಒಣ ಎಲೆ ನೀರಿಗೆ ಬಿಟ್ಟ. ಎಲೆ ನಿಧಾನವಾಗಿ ಹೋಯಿತು, ಬಂಡೆಯ ಹತ್ತಿರ ಒಮ್ಮೆಲೇ ಜೋರಾಯಿತು, ಸುತ್ತಿತು, ಕಾಣೆಯಾಯಿತು.

"ನೋಡಿದ್ರಾ ಅಕ್ಕಾ, ಆ ಬಂಡೆ ಹತ್ರ ಮಡು. ಅಲ್ಲಿಗೆ ಹೋಗೋದು ಬೇಡ. ಈ ಗಳದ ಈಚೆ ಎಷ್ಟು ಬೇಕಾದ್ರೂ ಆಡಿ."

ಹುಡುಗಿ ತಾನೂ ಒಂದು ಎಲೆ ಬಿಟ್ಟಳು. ಮತ್ತೊಂದು ಬಿಟ್ಟಳು. ಎಲೆ ಹೋದ ದಾರಿಯನ್ನೇ ಕಣ್ಣಲ್ಲಿ ಹಿಡಿದು ನೋಡುತ್ತಿದ್ದಳು. ಹರಿಯುವ ನೀರನ್ನು ಓದುವುದು ಹೇಗೆ ಅಂತ ಈಜುಕೊಳದಲ್ಲಿ ಒಂದು ವರ್ಷ ಕಲಿತರೂ ಸಿಗುತ್ತಿರಲಿಲ್ಲ. ಐದು ನಿಮಿಷದಲ್ಲಿ ಅವಳಿಗೆ ಅದು ಬಂತು. ಹಗ್ಗ ಹುಡುಗನ ಹೆಗಲಲ್ಲೇ ಇತ್ತು. ನಾಲ್ಕು ಲೈಫ್ ಜಾಕೆಟ್ ಇದ್ದವು. ಈಜು ಬರದ ಇಬ್ಬರಿಗೆ ಮತ್ತು ಹುಡುಗಿಗೆ ಹಾಕಿಸಿದ. ಬಂದ ಕೂಡಲೇ ಬೆವರಿನ ಮೈಯಲ್ಲಿ ನೀರಿಗೆ ಬೀಳಲು ಬಿಡದೆ ಹತ್ತು ನಿಮಿಷ ನೆರಳಲ್ಲಿ ಕೂರಿಸಿದ.

ಎರಡನೆಯದು ಕಾಡಿನ ಅಂಚಿನ ಹಳ್ಳದ ಗುಂಡಿ. ಚಿಕ್ಕದು, ನಾಲ್ಕು ಕೈ ಬೀಸಿದರೆ ಆಚೆ ದಡ. ನೀರು ಎಷ್ಟು ತಿಳಿ ಅಂದರೆ ನನ್ನ ಕಾಲುಗುರು ಕಾಣುತ್ತಿತ್ತು. ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದವು. ಹಲ್ಲು ಕಟಕಟ ಅನ್ನುವಷ್ಟು ತಣ್ಣಗೆ.

ಮೂರನೆಯದು ಅವರ ಮನೆಯ ತೋಟದ ಕೆರೆ. ಮೆಟ್ಟಿಲಿದೆ, ಆಳ ಎಲ್ಲೆಲ್ಲಿ ಅಂತ ಮನೆಯವರಿಗೆಲ್ಲ ಗೊತ್ತು. ಸಂಜೆ ನಾಲ್ಕರ ಬಿಸಿಲು ಅಡಿಕೆ ಮರದ ನಡುವಿಂದ ನೀರಿನ ಮೇಲೆ ಬೀಳುತ್ತಿತ್ತು. ಎದ್ದು ಬಂದಾಗ ಹುಡುಗನ ಅಮ್ಮ ನಮ್ಮನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ಹಂಡೆ ತುಂಬಾ ಬಿಸಿನೀರು. "ಹೊಳೆ ನೀರಲ್ಲಿ ಮಿಂದಿದೀರಿ, ಎರಡು ಚೊಂಬು ಬಿಸಿನೀರು ಹುಯ್ಕೊಳಿ, ಶೀತ ಆಗ್ತದೆ" ಅಂದರು. ಆಮೇಲೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಕಷಾಯ. ಹೆಂಗಸರು ಇಂಥ ಪ್ರವಾಸಕ್ಕೆ ಬರಲು ಹಿಂಜರಿಯುವುದು ಸೈಕಲ್ಲಿಗೂ ಅಲ್ಲ, ಈಜಿಗೂ ಅಲ್ಲ, ಒದ್ದೆ ಬಟ್ಟೆ ಬದಲಿಸುವುದೆಲ್ಲಿ ಅನ್ನುವುದಕ್ಕೆ. ಕೂಡ್ಲಿಯಲ್ಲಿ ನಾನು ಒದ್ದೆ ಬಟ್ಟೆಯಲ್ಲೇ ಸೀಟಿನ ಮೇಲೆ ಕೂತು ಬಂದು ತೊಡೆ ಉಜ್ಜಿ ಎರಡು ದಿನ ಉರಿದಿತ್ತು.

ಇದರಲ್ಲೂ ಕೊರತೆ ಇದೆ, ಹೇಳಲೇಬೇಕು. ಹಿಂದೆ ಬರಲು ವಾಹನ ಇಲ್ಲ. ಒಬ್ಬರ ಟೈರು ಪಂಕ್ಚರ್ ಆಗಿ ಮುಕ್ಕಾಲು ಗಂಟೆ ನಿಂತೆವು. ಬಹಳ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಹುಡುಗ ಮುಂದೆ ಹೋದಾಗ ಕೊನೆಯಲ್ಲಿ ತುಳಿಯುವವರು ಒಬ್ಬರೇ ಆಗಿಬಿಡುತ್ತಾರೆ. ಹಿಂದೆ ಬರಲು ಇನ್ನೊಬ್ಬನನ್ನು ಇಟ್ಟುಕೋ, ತಲೆಗೆ ಇನ್ನೂರು ಜಾಸ್ತಿ ತಗೋ ಅಂತ ಅವನಿಗೆ ಹೇಳಿ ಬಂದಿದ್ದೇನೆ. ಮಂಡಿ ನೋವಿದ್ದವರಿಗೆ, ಸೈಕಲ್ ಬಿಟ್ಟು ಬಹಳ ವರ್ಷ ಆದವರಿಗೆ ಈ ದಾರಿ ಕಷ್ಟ.

ಹಾಗಾದರೆ ಯಾರು ಯಾವುದಕ್ಕೆ ಹೋಗಬೇಕು? ಈಜು ಸರಿಯಾಗಿ ಬರದ ಮಕ್ಕಳಿದ್ದರೆ, ನೀರಿನಲ್ಲೇ ಹೆಚ್ಚು ಹೊತ್ತು ಕಳೆಯಬೇಕು ಅಂದರೆ ಹಿನ್ನೀರು. ದುಡ್ಡು ಜಾಸ್ತಿ, ಆದರೆ ಅದು ಜಾಕೆಟ್ಟಿಗೂ ತೆಪ್ಪದಲ್ಲಿ ಕಾಯುವವರಿಗೂ ಹೋಗುತ್ತದೆ. ಸುಮ್ನೆ ಆರಾಮಾಗಿ ಸೈಕಲ್ ತುಳಿದು ಬರಬೇಕು ಅನ್ನುವವರಿಗೆ ಕೂಡ್ಲಿ ದಾರಿ ಬಹಳ ಒಳ್ಳೆಯದು, ಗೈಡೂ ಬೇಡ. ಈಜು ಮಾತ್ರ ಅಲ್ಲಿ ಬೇಡ. ಎರಡೂ ಬೇಕು, ಕಾಲಲ್ಲಿ ಕಸುವಿದೆ ಅಂದರೆ ತೀರ್ಥಹಳ್ಳಿ. ನನ್ನ ಆಯ್ಕೆ ಅದೇ.

ದುಡ್ಡು ಕಟ್ಟುವ ಮುಂಚೆ ಫೋನಿನಲ್ಲೇ ಕೇಳಿಬಿಡಿ. ನೀರಿಗೆ ಮೊದಲು ಇಳಿಯುವವರು ಯಾರು? ಹಗ್ಗ ಇದೆಯಾ? ಮಕ್ಕಳ ಜಾಕೆಟ್ ಎಷ್ಟಿದೆ? ಒಬ್ಬ ಗೈಡಿಗೆ ಎಷ್ಟು ಜನ? ಅಣೆಕಟ್ಟಿನ ಕೆಳಗಿನ ಹೊಳೆಯಾದರೆ ನೀರು ಬಿಡುವ ಸುದ್ದಿ ವಿಚಾರಿಸಿದ್ದೀರಾ? ಗಾಜನೂರಿನ ಕೆಳಗೆ ತುಂಗೆಯಲ್ಲಿ ಗೇಟು ತೆಗೆದರೆ ಮೊಣಕಾಲುಮಟ್ಟದ ನೀರು ನೋಡನೋಡುತ್ತಾ ಏರುತ್ತದೆ. ಈ ಪ್ರಶ್ನೆಗಳಿಗೆ ತಡವರಿಸಿದರೆ ಆ ಪ್ರವಾಸ ಬಿಟ್ಟುಬಿಡಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಯಾರು ಕರೆದರೂ ಹೊಳೆ ಹಳ್ಳಕ್ಕೆ ಇಳಿಯಬೇಡಿ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮಳೆ ಬಿದ್ದಿರುತ್ತದೆ, ಹಳ್ಳ ಒಮ್ಮೆಲೇ ಕೆಂಪಾಗಿ ಬರುತ್ತದೆ. ಏಪ್ರಿಲ್ ಹೊತ್ತಿಗೆ ಸಣ್ಣ ಹಳ್ಳಗಳು ಬತ್ತುತ್ತವೆ.

ಮುಂದಿನ ಸಲಕ್ಕೆ ಹುಡುಗಿ ಈಗಲೇ ದಿನ ಎಣಿಸುತ್ತಿದ್ದಾಳೆ. ಅಣ್ಣ ಅತ್ತಿಗೆಯೂ ಬರುತ್ತೇವೆ ಅಂದಿದ್ದಾರೆ, ಅಲ್ಲಿಗೆ ಐದು ಜನ ಆದೆವು. ಮಳೆ ನಿಂತು, ಹಳ್ಳದ ನೀರು ತಿಳಿಯಾಗಿ ತಳದ ಕಲ್ಲು ಕಂಡ ದಿನ ಫೋನ್ ಮಾಡ್ತೀನಿ ಅಂತ ತೀರ್ಥಹಳ್ಳಿಯ ಹುಡುಗ ಹೇಳಿದ್ದಾನೆ.